ಮಾಸ್ಟರ್‌ಜಿಯ ರಟ್ಟುಗಳೂ ನನ್ನ ಪಾಸ್‌ವರ್ಡೂ

ಬಟ್ಟೆಯ ಅಚ್ಚು ಮಾಡುವ ಮಾಸ್ಟರ್‌ಜಿ ನನ್ನ ಬಳಿ ಕೆಲಸಕ್ಕೆ ಸೇರಿದ ದಿನ ಒಂದು ಟೆಂಪೋ ತುಂಬ ರಟ್ಟು ತಂದಿದ್ದರು. ದಿಲ್ಲಿಯ ಓಖ್ಲಾದಲ್ಲಿ ಅವರು ಮೂವತ್ತು ವರ್ಷ ದುಡಿದಿದ್ದ ಗಾರ್ಮೆಂಟ್ ಕಾರ್ಖಾನೆ ಆಗಷ್ಟೇ ಮುಚ್ಚಿತ್ತು. ಮಾಲೀಕರು ಹೊಲಿಗೆ ಯಂತ್ರಗಳನ್ನು ಮಾರಿಕೊಂಡರಂತೆ, ಗೋಡೆಯ ಕೊಕ್ಕೆಗಳಿಗೆ ನೇತುಹಾಕಿದ್ದ ರಟ್ಟುಗಳನ್ನು ಮಾತ್ರ ಯಾರೂ ಕೇಳಲಿಲ್ಲವಂತೆ. ಅಂಗಿಯ ಬೆನ್ನು, ಕೊರಳಪಟ್ಟಿ, ತೋಳು, ಮಕ್ಕಳ ಫ್ರಾಕಿನ ಮುಂಭಾಗ, ಹೀಗೆ ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುವುದಕ್ಕೆ ಮಾಡಿದ ಅಚ್ಚುಗಳು. ಅಷ್ಟನ್ನೂ ಅವರೇ ತಮ್ಮ ಕೈಯಿಂದ ಬರೆದು, ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಮಾಡಿದ್ದರು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಉರ್ದು ಅಕ್ಷರಗಳ ಗುರುತಿತ್ತು.

ನಾನು ತಿಪಟೂರಿನವಳು. ನನ್ನ ಗಂಡ ಸೈನ್ಯದಲ್ಲಿದ್ದವರು, ನಿವೃತ್ತರಾದ ಮೇಲೆ ಮಾನೇಸರ್‌ನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಭದ್ರತೆಯ ಉಸ್ತುವಾರಿ ನೋಡಿಕೊಳ್ಳುತ್ತಾರೆ. ನಮ್ಮ ಫ್ಲ್ಯಾಟ್ ಇರುವುದು ಗುರುಗ್ರಾಮದಲ್ಲಿ. ನಾನು ದಿನಾ ಮೆಟ್ರೋದಲ್ಲಿ ಹೌಜ್ ಖಾಸ್‌ವರೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಓಖ್ಲಾಕ್ಕೆ ಹೋಗುತ್ತೇನೆ. ಅಲ್ಲೊಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ನನ್ನ ಸಣ್ಣ ಘಟಕವಿದೆ. ರಫ್ತುದಾರರು ಒಂದು ಚಿತ್ರವನ್ನೂ ಅಳತೆಗಳನ್ನೂ ಕೊಡುತ್ತಾರೆ. ನಾವು ಅದಕ್ಕೆ ಅಚ್ಚು ತಯಾರಿಸಿ, ಒಂದು ಮಾದರಿ ಉಡುಪು ಹೊಲಿದು ಒಪ್ಪಿಸುತ್ತೇವೆ. ನನಗೆ ಗೊತ್ತಿದ್ದದ್ದು ಕಂಪ್ಯೂಟರಿನಲ್ಲಿ ಅಚ್ಚು ಬಿಡಿಸುವುದು. ಆದರೆ ಬಟ್ಟೆ ಮೈಮೇಲೆ ಹೇಗೆ ಕೂರುತ್ತದೆ ಎನ್ನುವುದು ಗೊತ್ತಿದ್ದದ್ದು ಮಾಸ್ಟರ್‌ಜಿಗೆ.

ಎರಡು ಚಳಿಗಾಲ ಕೂತು ನಾವು ಆ ರಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆವು. ಗೆರೆಗಳನ್ನು ಓದುವ ಒಂದು ಮೇಜಿದೆ. ಅದರ ಮೇಲೆ ರಟ್ಟನ್ನಿಟ್ಟು ಅಂಚಿನ ಗುಂಟ ಬಿಂದು ಬಿಂದುವಾಗಿ ಒತ್ತುತ್ತ ಹೋಗಬೇಕು. ಮಾಸ್ಟರ್‌ಜಿ ಪಕ್ಕದಲ್ಲಿ ನಿಂತು, "ಇಲ್ಲಿ ನಿಧಾನ, ಈ ತಿರುವಿನಲ್ಲೇ ತೋಳು ಎತ್ತೋದು" ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಅಷ್ಟು ರಟ್ಟುಗಳು ಅರ್ಧ ಕೋಣೆ ತುಂಬಿಕೊಂಡು ಬಿದ್ದಿದ್ದವು. ಮಳೆಗಾಲದಲ್ಲಿ ಬೂಸಲು ಬಂತು, ಇಲಿ ಕಡಿಯಿತು. ನಾನು ಗುಜರಿ ಕೊಳ್ಳುವ ಕಬಾಡಿಯವನನ್ನು ಕರೆದೆ.

"ಇರಲಿ ಬಿಡಿ ಮ್ಯಾಡಮ್, ಒಂದು ಮೂಲೆಯಲ್ಲಿ ಬಿದ್ದಿರ್ತವೆ," ಅಂದರು ಮಾಸ್ಟರ್‌ಜಿ.

"ಕಂಪ್ಯೂಟರಲ್ಲಿ ಎಲ್ಲ ಭದ್ರವಾಗಿದೆ ಮಾಸ್ಟರ್‌ಜಿ. ಅಲ್ಲಿಗೆ ಇಲಿ ಬರಲ್ಲ," ಅಂದು ನಾನು ನಕ್ಕೆ.

ಅವರು ನಗಲಿಲ್ಲ. ಕಬಾಡಿಯವನು ಕಟ್ಟು ಕಟ್ಟಿ ಕೆಳಗೆ ಸಾಗಿಸುತ್ತಿದ್ದಾಗ ಕಿಟಕಿಯ ಹತ್ತಿರ ನಿಂತಿದ್ದರು. ನಾನು ಆಗಲೇ ಫೋನಿನಲ್ಲಿ ಬೇರೆ ಯಾರ ಜೊತೆಗೋ ಮಾತಿನಲ್ಲಿದ್ದೆ.

ಭದ್ರ ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಕಂಪ್ಯೂಟರ್ ರಿಪೇರಿ ಮಾಡುವವರು ಒಂದು ಸೇವೆಯನ್ನು ಸೂಚಿಸಿದ್ದರು. ದಿನಾ ಸಂಜೆ ನಮ್ಮ ಫೈಲುಗಳೆಲ್ಲ ತಾವಾಗಿಯೇ ಇಂಟರ್‌ನೆಟ್ ಮೂಲಕ ದೂರದ ಯಾವುದೋ ಊರಿನ ಯಂತ್ರಗಳಿಗೆ ಹೋಗಿ ಸೇರುತ್ತವೆ. ಹೋಗುವ ಮುಂಚೆಯೇ ಗೂಢಲಿಪಿಯಾಗಿ ಬದಲಾಗುವುದರಿಂದ ನಡುವೆ ಯಾರು ಕದ್ದು ನೋಡಿದರೂ ಅರ್ಥವಾಗುವುದಿಲ್ಲ. ಓಖ್ಲಾದಲ್ಲಿ ಬೆಂಕಿ ಬಿದ್ದರೂ ಕಳ್ಳತನವಾದರೂ ಅಲ್ಲಿ ಒಂದು ಪ್ರತಿ ಇರುತ್ತದೆ. "ಒಂದೇ ಮಾತು ನೆನಪಿಡಿ," ಅಂದಿದ್ದರು ಅವರು. "ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರುತ್ತೆ. ಮರೆತರೆ ಆ ಕಂಪನಿಯವರೂ ತೆಗೆಯಲಾರರು. ಕೊನೆಯಲ್ಲಿ ಒಂದು ಹಾಳೆ ಬರುತ್ತೆ, ಅದು ಬದಲಿ ಕೀಲಿ. ಅದನ್ನ ಪ್ರಿಂಟ್ ತೆಗೆದು ಮನೆಯಲ್ಲಿಡಿ."

ಪಾಸ್‌ವರ್ಡ್ ಉದ್ದವಾಗಿರಬೇಕು, ಒಂದು ವಾಕ್ಯವೇ ಆದರೆ ಒಳ್ಳೆಯದು ಎಂದೂ ಹೇಳಿದ್ದರು. ನನಗೆ ಹೊಳೆದದ್ದು ಅಮ್ಮನ ಮಾತು. ನಾವು ಚಿಕ್ಕವರಿದ್ದಾಗ ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: ಬಾಗಿಲು ಹಾಕ್ಕೋ, ಬೆಕ್ಕು ಬರುತ್ತೆ. ಓಖ್ಲಾದಲ್ಲಿ ಇದನ್ನು ಯಾರು ಊಹಿಸಿಯಾರು ಎಂದು ನನಗೆ ನನ್ನ ಜಾಣತನದ ಬಗ್ಗೆ ಹೆಮ್ಮೆಯೇ ಆಯಿತು. ಕೊನೆಯಲ್ಲಿ ಬಂದ ಹಾಳೆಯನ್ನು ಪ್ರಿಂಟ್ ತೆಗೆಯಲಿಲ್ಲ. ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ, ಆಮೇಲೆ ತೆಗೆದರಾಯಿತು ಅಂದುಕೊಂಡೆ. ಅದನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸಿಟ್ಟೆ.

ಮರುವರ್ಷ ಒಂದು ಬೆಳಿಗ್ಗೆ, ನಮ್ಮ ರಫ್ತುದಾರರೊಬ್ಬರ ಹೆಸರಿನಲ್ಲಿ ಮೇಲ್ ಬಂತು. ಹೊಸ ವಿನ್ಯಾಸದ ವಿವರ ಎಂದು ಅದರೊಂದಿಗೆ ಒಂದು ಫೈಲಿತ್ತು. ವಿಳಾಸ ಸರಿಯಿದೆಯೇ ಎಂದು ನೋಡದೆ ನಾನೇ ತೆರೆದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲಿದ್ದ ಫೈಲುಗಳ ಹೆಸರುಗಳೆಲ್ಲ ಬದಲಾಗಿದ್ದವು. ಯಾವುದನ್ನು ಒತ್ತಿದರೂ ತೆರೆಯುತ್ತಿರಲಿಲ್ಲ. ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬಿಡುತ್ತೇವೆ ಎನ್ನುವ ಇಂಗ್ಲಿಷ್ ಬರಹ ಕಾಣಿಸಿತು.

ಗಂಡನಿಗೆ ಫೋನ್ ಮಾಡಿದೆ. "ಹಣ ಗಿಣ ಕೊಡಬೇಡ. ಪೊಲೀಸರಿಗೆ ದೂರು ಕೊಡು. ಬ್ಯಾಕಪ್ ಇದೆಯಲ್ಲ?" ಅಂದರು.

"ಇದೆ," ಅಂದೆ. ಮಾಸ್ಟರ್‌ಜಿಗೂ ಹಾಗೇ ಹೇಳಿದೆ. "ಎರಡು ದಿನ. ಎಲ್ಲ ವಾಪಸ್ ಬರುತ್ತೆ."

ಹೊಸ ಕಂಪ್ಯೂಟರ್ ತಂದು ಬ್ಯಾಕಪ್ ಸೇವೆಯನ್ನು ತೆರೆದೆ. ನಮ್ಮ ಫೈಲುಗಳ ಪಟ್ಟಿ ಅಲ್ಲಿತ್ತು, ಹಿಂದಿನ ದಿನದವರೆಗಿನದೂ ಇತ್ತು. ಮನಸ್ಸು ಹಗುರಾಯಿತು. ಅವನ್ನು ಇಳಿಸಲು ಹೋದಾಗ ಪಾಸ್‌ವರ್ಡ್ ಕೇಳಿತು, ಅಮ್ಮನ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ. ತಪ್ಪು ಎಂದಿತು. ಬಾಗಿಲಿನ ಬಾ ಗೆ ಎರಡು ಎ ಹಾಕಿ ನೋಡಿದೆ. ತಪ್ಪು. ಬಾಗಿಲು ಅಂತ ಬರೆದಿದ್ದೆನೋ, ಆಡುವ ಹಾಗೆ ಬಾಗ್ಲು ಅಂತಲೋ? ಬರುತ್ತೆ ಎನ್ನುವಲ್ಲಿ ಎಷ್ಟು ಟಿ? ನಮ್ಮ ಕಡೆಯವರು ತ ಬರೆಯುವಾಗ ಟಿ ಜೊತೆ ಎಚ್ ಹಾಕುತ್ತೇವೆ, ದಿಲ್ಲಿಗೆ ಬಂದ ಮೇಲೆ ನಾನು ಆ ಅಭ್ಯಾಸ ಬಿಟ್ಟಿದ್ದೆ. ಆ ದಿನ ಹಾಕಿದ್ದೆನೋ ಇಲ್ಲವೋ? ಹೀಗೆ ಹತ್ತಾರು ಸಲ ತಪ್ಪಾದ ಮೇಲೆ, ಒಂದು ಗಂಟೆ ಕಾಯಿರಿ ಎಂದಿತು. ಕಾದೆ. ಮತ್ತೆ ಹೊಡೆದೆ. ನಾನು ಹುಟ್ಟಿದಾಗಿನಿಂದ ಕೇಳಿದ ನಾಲ್ಕು ಮಾತು ನನಗೇ ಬರೆಯಲು ಬರುತ್ತಿರಲಿಲ್ಲ.

ಬದಲಿ ಕೀಲಿಯ ಹಾಳೆ ಇತ್ತಲ್ಲ, ಅದು ಬೀಗ ಬಿದ್ದ ಹಳೆಯ ಕಂಪ್ಯೂಟರಿನೊಳಗೇ ಇತ್ತು.

ಸೇವೆಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ತಾಳ್ಮೆಯಿಂದ ಕೇಳಿಸಿಕೊಂಡಳು. "ಮ್ಯಾಡಮ್, ನಿಮ್ಮ ಕೀಲಿ ನಮ್ಮ ಬಳಿ ಇರೋದೇ ಇಲ್ಲ. ನಾವು ಬಯಸಿದರೂ ನಿಮ್ಮ ಫೈಲ್ ತೆರೆಯೋಕೆ ಆಗಲ್ಲ. ಅದೇ ಇದರ ಭದ್ರತೆ."

"ಹಾಗಾದರೆ ನೀವು ಇರೋದು ಯಾಕೆ?" ಅಂದೆ. ಇನ್ನೂ ಏನೇನೋ ಅಂದೆ. ನನ್ನ ಮೂವತ್ತು ವರ್ಷದ ಕೆಲಸ ನುಂಗಿ ಕೂತಿದ್ದೀರಿ ಎಂದೂ ಅಂದೆ. ಮೂವತ್ತು ವರ್ಷದ ಕೆಲಸ ನನ್ನದಾಗಿರಲಿಲ್ಲ. ಫೋನಿಟ್ಟ ಮೇಲೆ, ಈ ಸೇವೆಯನ್ನು ಯಾರೂ ನಂಬಬೇಡಿ, ಕಷ್ಟ ಬಂದಾಗ ಕೈಬಿಡುತ್ತಾರೆ ಎಂದು ಅವರ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಿದೆ. ಬರೆಯುವಾಗ ನನಗೆ ಸಮಾಧಾನವೇ ಆಯಿತು.

ಮಾಸ್ಟರ್‌ಜಿ ಪ್ರತಿ ಬೆಳಿಗ್ಗೆ ಬಂದು ಚಪ್ಪಲಿ ಬಿಡುತ್ತ ಕೇಳುತ್ತಿದ್ದರು: "ಆಯಿತೇ ಮ್ಯಾಡಮ್?"

"ಕಂಪನಿಯವರು ಮಾಡ್ತಿದ್ದಾರೆ ಮಾಸ್ಟರ್‌ಜಿ. ಅವರ ಕಡೆಯಿಂದಲೇ ತೊಂದರೆ."

"ಅಚ್ಛಾ," ಎಂದು ಅವರು ತಮ್ಮ ಮೂಲೆಗೆ ಹೋಗುತ್ತಿದ್ದರು.

ರಫ್ತುದಾರರಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಯಿತು. ಗಂಡನೊಬ್ಬರಿಗೆ ಮಾತ್ರ ನಿಜ ಗೊತ್ತಿತ್ತು. ಅವರು ದಿನಕ್ಕೆರಡು ಸಲ ಮಾನೇಸರ್‌ನಿಂದ ಫೋನ್ ಮಾಡುತ್ತಿದ್ದರು, ನಾನು ಮಾಸ್ಟರ್‌ಜಿಯ ಎದುರಿಗೇ ಕೂತು ಕನ್ನಡದಲ್ಲಿ ಎಲ್ಲ ಹೇಳಿಕೊಳ್ಳುತ್ತಿದ್ದೆ. "ಇಲ್ಲ ಕಣ್ರೀ, ಪಾಸ್‌ವರ್ಡ್ ಇನ್ನೂ ಸಿಕ್ಕಿಲ್ಲ. ನಂದೇ ತಪ್ಪು. ಇವರಿಗೆ ಹೇಗೆ ಹೇಳಲಿ?" ಎಂದು, ಇವರು ಎನ್ನುವಾಗ ಅವರ ಕಡೆ ಕಣ್ಣು ಕೂಡ ಹಾಯಿಸದೆ. ಊರಿನ ಭಾಷೆ ಹೀಗೆ ಮರೆಗೆ ಒದಗುತ್ತದೆ ಎಂದು ನನಗೆ ಒಳಗೊಳಗೇ ನೆಮ್ಮದಿಯಿತ್ತು.

ಮೂರನೆಯ ವಾರ ಒಬ್ಬ ರಫ್ತುದಾರರು ಮಕ್ಕಳ ಫ್ರಾಕಿನ ಹಳೆಯ ಅಚ್ಚನ್ನು ತುರ್ತಾಗಿ ಕೇಳಿದರು. ನಾನು ಮಾಸ್ಟರ್‌ಜಿಯ ಹತ್ತಿರ ಹೋಗಿ, "ನಾಳೆ ಬರಬಹುದು ಅಂತ ಕಂಪನಿಯವರು..." ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. ಮೇಜಿನ ಮೇಲೆ ಹೊಸ ರಟ್ಟು ಹರಡಿತ್ತು. ಅದರ ಮೇಲೆ ಪೆನ್ಸಿಲಿನಿಂದ ಫ್ರಾಕಿನ ಮುಂಭಾಗ ಬರೆಯುತ್ತಿದ್ದರು. ಪಕ್ಕದಲ್ಲಿ ಆಗಲೇ ಕತ್ತರಿಸಿದ ಹತ್ತು ಹನ್ನೆರಡು ತುಂಡುಗಳಿದ್ದವು.

"ಮ್ಯಾಡಮ್, ನೀವು ಪಾಸ್‌ವರ್ಡ್ ಮರೆತಿದ್ದೀರಿ, ಅಲ್ಲವೇ?"

ಕೈಯಲ್ಲಿದ್ದ ಫೋನನ್ನು ಅವರ ಮೇಜಿನ ಅಂಚಿಗಿಟ್ಟೆ.

"ನಿಮ್ಮ ಭಾಷೆ ನನಗೆ ಬರಲ್ಲ. ಆದರೆ ಪಾಸ್‌ವರ್ಡ್ ಅನ್ನೋ ಮಾತು ಎಲ್ಲ ಭಾಷೆಯಲ್ಲೂ ಒಂದೇ. ದಿನಕ್ಕೆ ಹತ್ತು ಸಲ ಅದೇ ಕೇಳಿಸ್ತಿತ್ತು. ಮೊದಲನೇ ವಾರದಲ್ಲೇ ತಿಳಿಯಿತು."

"ಮತ್ತೆ ದಿನಾ ಯಾಕೆ ಕೇಳ್ತಿದ್ರಿ?"

"ನೀವು ಇವತ್ತು ಹೇಳಬಹುದು ಅಂತ."

ಕೋಪವೇನೂ ಇರಲಿಲ್ಲ ಆ ಧ್ವನಿಯಲ್ಲಿ. ಮತ್ತೆ ಗೆರೆ ಎಳೆಯತೊಡಗಿದರು. ನಾನು ಅಲ್ಲೇ ನಿಂತು ಎಲ್ಲ ಹೇಳಿದೆ, ಹಾಳೆ ಪ್ರಿಂಟ್ ತೆಗೆಯದ್ದು, ಮೇಲ್ ನಾನೇ ತೆರೆದದ್ದು, ಕಂಪನಿಯ ತಪ್ಪೇನೂ ಇಲ್ಲದ್ದು. ಅವರು ಅಚ್ಛಾ, ಅಚ್ಛಾ ಎನ್ನುತ್ತಿದ್ದರು. ಅಷ್ಟು ಹೊತ್ತೂ ನನ್ನ ಕಣ್ಣು ಅವರ ಕೈಯ ಮೇಲಿತ್ತು. ತೋಳಿನ ತಿರುವು ಬಂದಲ್ಲಿ ಪೆನ್ಸಿಲು ನಿಂತಿತು. ಅಳಿಸಿದರು, ಮತ್ತೆ ಬರೆದರು, ಮತ್ತೆ ಅಳಿಸಿದರು. ಅವರ ಒಂದು ಕಣ್ಣಿಗೆ ಪೊರೆ ಬಂದಿರುವುದು ನನಗೆ ಗೊತ್ತಿತ್ತು. ಆ ರಟ್ಟುಗಳನ್ನು ನಾನು ಕೊಟ್ಟು ಕಳಿಸದಿದ್ದರೆ ಈ ವಯಸ್ಸಿನಲ್ಲಿ ಅವರು ಹೀಗೆ ಬಗ್ಗಿ ಕೂರಬೇಕಿರಲಿಲ್ಲ.

ಅಂದಿನಿಂದ ಅವರು ರಟ್ಟಿನ ಮೇಲೆ ಗೆರೆ ಬರೆದರು, ನಾನು ಅಕ್ಷರ ಹುಡುಕಿದೆ. ಒಂದು ನೋಟ್‌ಬುಕ್ಕಿನಲ್ಲಿ ಸಾಲು ಹಾಕಿಕೊಂಡು ಆ ವಾಕ್ಯವನ್ನು ಬರೆಯಬಹುದಾದ ರೀತಿಗಳನ್ನೆಲ್ಲ ಬರೆದೆ. ಹೊಡೆದು ನೋಡಿ ತಪ್ಪಾದದ್ದನ್ನು ಕಾಟು ಹಾಕುತ್ತಿದ್ದೆ. ಮೆಟ್ರೋದಲ್ಲಿ ನಿಂತಿರುವಾಗಲೂ ಬಾಗಿಲು, ಬೆಕ್ಕು ಎಂದು ತುಟಿ ಆಡುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಆ ನೋಟ್‌ಬುಕ್ ಮನೆಯ ಊಟದ ಮೇಜಿನ ಮೇಲಿತ್ತು. ನನಗೊಬ್ಬಳು ಮಗಳಿದ್ದಾಳೆ, ಆಗ ಅವಳು ಎಂಟನೆಯ ತರಗತಿ. ಅವಳಿಗೆ ನಾನು ಈ ಸಂಗತಿ ಹೇಳಿರಲಿಲ್ಲ. ಅಮ್ಮ ಎಲ್ಲವನ್ನೂ ಕಳೆದುಕೊಂಡು ಕೂತಿದ್ದಾಳೆ ಎಂದು ಮಗಳಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ದೋಸೆ ಹೊಯ್ದುಕೊಂಡು ಬಂದು ನೋಡಿದರೆ ಅವಳು ಆ ಪುಟಗಳನ್ನು ತಿರುವಿ ಹಾಕುತ್ತಿದ್ದಳು. ನನ್ನನ್ನು ಕಂಡವಳೇ ನೋಟ್‌ಬುಕ್ ಮುಚ್ಚಿ, ತಿಂಡಿ ತಿಂದು ಕೋಣೆಗೆ ಹೋದಳು. ಅರ್ಧ ಗಂಟೆಯ ಮೇಲೆ ಅಪ್ಪನನ್ನು ಮುಂದೆ ಮಾಡಿಕೊಂಡು ಬಂದಳು.

"ಅವಳೇನೋ ಹೇಳಬೇಕಂತೆ. ಸಮಾಧಾನವಾಗಿ ಕೇಳು," ಅಂದರು ಅವರು.

"ಅಮ್ಮ, ನೀವು ಹಸೋಗೆ ನಹೀ, ಓಕೆ?" ಅಂದಳು. ನಗಬಾರದು ಎನ್ನುವುದು ಅವಳ ಕರಾರು. "ಆ ಪಾಸ್‌ವರ್ಡ್ ಟೈಪ್ ಮಾಡಿದ್ದು ನಾನು. ನೀವು ಫೋನಲ್ಲಿದ್ರಿ. ನೀವು ಬೋಲ್ತಾ ಇದ್ರಿ, ನಾನು ಟೈಪ್ ಮಾಡ್ದೆ."

ಆಗ ನೆನಪಾಯಿತು. ಶಾಲೆಗೆ ಅರ್ಧ ದಿನ ರಜೆಯೆಂದು ಅವಳನ್ನು ಅಂದು ಓಖ್ಲಾಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಳತೆ ಟೇಪು. ಅಮ್ಮಮ್ಮ ಹೇಳ್ತಾರಲ್ಲ, ಬಾಗಿಲು ಹಾಕ್ಕೋ ಅಂತ, ಅದನ್ನ ಹೊಡಿ ಅಂದಿದ್ದೆ. ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣಿಸಿದ್ದವು.

"ಹೇಗೆ ಟೈಪ್ ಮಾಡಿದೆ?"

"ನಿಮ್ಮ ಲಿಸ್ಟಲ್ಲಿ ಎಲ್ಲಾ ಕಡೆ ಬೆಕ್ಕು ಬರುತ್ತೆ ಅಂತಿದೆ. ನಾನು ಬರ್ತಾಳೆ ಅಂತ ಬರ್ದಿದ್ದೆ."

ಬೆಕ್ಕು ಹಿಂದಿಯಲ್ಲಿ ಹೆಣ್ಣು. ದಿಲ್ಲಿಯಲ್ಲಿ ಬೆಳೆದ ಅವಳ ಕನ್ನಡದಲ್ಲಿ ಬೆಕ್ಕೂ ಬರುತ್ತಾಳೆ, ಬಸ್ಸೂ ಹೋಗುತ್ತಾಳೆ. ಇದನ್ನೆಲ್ಲ ನಾನು ಕೂಡಿಟ್ಟುಕೊಂಡು, ಕನ್ನಡದವರು ಸೇರಿದಲ್ಲೆಲ್ಲ ಅವಳ ಎದುರಿಗೇ ಹೇಳಿ ನಗಿಸುತ್ತಿದ್ದೆ. ಹಿಂದಿನ ವರ್ಷ ಯುಗಾದಿಯ ಊಟದಲ್ಲಿ ಇಪ್ಪತ್ತು ಮಂದಿ ನಕ್ಕಿದ್ದರು. ಅಂದಿನಿಂದ ಅವಳು ಕನ್ನಡ ಮಾತಾಡುವುದನ್ನೇ ಕಡಿಮೆ ಮಾಡಿದ್ದಳು. ನಾನು ಅದನ್ನು ವಯಸ್ಸಿನ ಬಿಗುಮಾನ ಎಂದುಕೊಂಡಿದ್ದೆ.

"ಮೊದಲೇ ಯಾಕೆ ಹೇಳಲಿಲ್ಲ ಪುಟ್ಟಾ?"

"ನೀವು ಕೇಳಲೇ ಇಲ್ಲ. ನಂಗೆ ಇವತ್ತು ಗೊತ್ತಾಯ್ತು. ಹೇಳಿದ್ರೆ ಮತ್ತೆ ಎಲ್ಲರ ಹತ್ರ ಹೇಳ್ತೀರಾ ಅಂತ ಸೋಚ್ತಾ ಇದ್ದೆ."

ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಆದರೆ ಆ ಹೊತ್ತಿಗೆ ನನಗೆ ಆ ಹಕ್ಕಿದೆ ಎನಿಸಲಿಲ್ಲ. "ಯಾರಿಗೂ ಹೇಳಲ್ಲ," ಎಂದಷ್ಟೇ ಅಂದೆ. ಈಗ ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ. ಹೆಸರು ಹಾಕದಿದ್ದರೆ ಪರವಾಗಿಲ್ಲ ಅಂದಿದ್ದಾಳೆ.

ಅಂದೇ ಇಬ್ಬರೂ ಓಖ್ಲಾಕ್ಕೆ ಹೋದೆವು. ಅವಳು ಕುರ್ಚಿಯ ಮೇಲೆ ಕೂತು, ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು, ಹೊಡೆದಳು. ಎರಡನೆಯ ಸಲಕ್ಕೆ ತೆರೆಯಿತು. ಫೈಲುಗಳು ಒಂದೊಂದಾಗಿ ಇಳಿಯತೊಡಗಿದವು. ಸಂಜೆಯವರೆಗೂ ಇಳಿಯುತ್ತಲೇ ಇದ್ದವು. ನಾವು ಕೆಳಗಿನ ಅಂಗಡಿಯಿಂದ ಛೋಲೆ ಕುಲ್ಚೆ ತರಿಸಿ ತಿಂದೆವು.

ಸೋಮವಾರ ಮಾಸ್ಟರ್‌ಜಿ ಬರುವ ಮುಂಚೆಯೇ ನಾನು ಆ ಫ್ರಾಕಿನ ತೋಳನ್ನು ಪೂರ್ಣ ಅಳತೆಯಲ್ಲಿ ಪ್ರಿಂಟ್ ತೆಗೆದು ಅವರ ಮೇಜಿನ ಮೇಲೆ ಹಾಸಿದ್ದೆ. ಅವರು ಕನ್ನಡಕ ಏರಿಸಿಕೊಂಡು, ತಾವು ಹೊಸದಾಗಿ ಕತ್ತರಿಸಿದ ರಟ್ಟನ್ನು ಅದರ ಮೇಲಿಟ್ಟರು. ತಿರುವಿನಲ್ಲಿ ಒಂದು ಬೆರಳಿನಷ್ಟು ವ್ಯತ್ಯಾಸವಿತ್ತು. ಬೆರಳಿನಿಂದ ಆ ಜಾಗವನ್ನು ಎರಡು ಸಲ ಸವರಿದರು.

"ಹಳೆಯದೇ ಸರಿ," ಅಂದರು. "ನಾನು ಈಗ ಮಾಡಿದ್ದು ಕೂರೋದಿಲ್ಲ. ಇವನ್ನ ಕಬಾಡಿಯವನಿಗೆ ಕೊಡಿ."

ಐದು ವಾರ ಅವರು ಬಗ್ಗಿ ಕೂತು ಮಾಡಿದ ನಲವತ್ತು ರಟ್ಟುಗಳವು. "ಇರಲಿ ಮಾಸ್ಟರ್‌ಜಿ," ಅಂದೆ. ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನಾನು ಇವತ್ತಿಗೂ ಹೇಳಲಾರೆ.

ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಹೊಸ ಪಾಸ್‌ವರ್ಡ್ ಹಾಕಿದೆ, ಒಂದೊಂದು ಅಕ್ಷರವನ್ನೂ ನೋಡಿಕೊಂಡು. ಬದಲಿ ಕೀಲಿಯ ಹಾಳೆಯನ್ನು ಎರಡು ಪ್ರತಿ ತೆಗೆದೆ. ತಿಂಗಳಿಗೊಮ್ಮೆ ಯಾವುದಾದರೂ ಹತ್ತು ಫೈಲುಗಳನ್ನು ಬ್ಯಾಕಪ್‌ನಿಂದ ನಿಜವಾಗಿಯೂ ಇಳಿಸಿ, ತೆರೆದು ನೋಡುತ್ತೇನೆ. ಒಂದು ಹಾಳೆ ಮನೆಯಲ್ಲಿ ಗಂಡನ ಟ್ರಂಕಿನಲ್ಲಿದೆ. ಇನ್ನೊಂದನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮಾಸ್ಟರ್‌ಜಿಗೆ ಕೊಡಹೋದೆ. "ಇವೆಲ್ಲ ನಿಮ್ಮ ಕೆಲಸ. ಕೀಲಿ ನಿಮ್ಮ ಮನೆಯಲ್ಲೂ ಒಂದಿರಲಿ," ಅಂದೆ.

ಅವರು ಲಕೋಟೆಯನ್ನು ತೆಗೆದುಕೊಂಡು, ಎರಡೂ ಕಡೆ ತಿರುಗಿಸಿ, ನನ್ನ ಕೈಗೇ ಹಿಂತಿರುಗಿಸಿದರು.

"ಬೇಡ ಮ್ಯಾಡಮ್. ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ನನ್ನ ಮೇಲೆ ಬರುತ್ತೆ."

ನನ್ನ ತಪ್ಪನ್ನು ನಾನು ಯಾರ ಯಾರ ಮೇಲೆ ಹೊರಿಸಿದ್ದೆ ಎನ್ನುವುದನ್ನು ಆ ಮೂರು ವಾರವೂ ಅವರು ಎದುರಿಗೇ ಕೂತು ಕೇಳಿಸಿಕೊಂಡಿದ್ದರು. ಲಕೋಟೆಯನ್ನು ಚೀಲದಲ್ಲಿಟ್ಟುಕೊಂಡೆ. ಆಮೇಲೆ ಅದನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಬಂದೆ.

ಆ ವಾರವೇ ಸೇವೆಯ ಪುಟದಲ್ಲಿ ಬರೆದದ್ದನ್ನು ಅಳಿಸಲು ಹೋದೆ. ಅದರ ಕೆಳಗೆ ನಾಲ್ಕಾರು ಮಂದಿ ಧನ್ಯವಾದ ಹೇಳಿದ್ದರು. ಒಬ್ಬರು ಹೊಲಿಗೆ ತರಗತಿ ನಡೆಸುವವರು, ಒಳ್ಳೆಯದಾಯಿತು ಎಚ್ಚರಿಸಿದ್ದು, ನಾನು ಈ ಸೇವೆ ತೆಗೆದುಕೊಳ್ಳುವುದರಲ್ಲಿದ್ದೆ, ಬಿಟ್ಟೆ ಎಂದು ಬರೆದಿದ್ದರು. ನನ್ನ ಬರಹವನ್ನು ಅಳಿಸಿ, ಅವರಿಗೆ ನಡೆದದ್ದನ್ನು ಬರೆದು ತಿಳಿಸಿದೆ. ಉತ್ತರ ಬರಲಿಲ್ಲ. ಅವರ ಫೈಲುಗಳು ಈಗ ಎಲ್ಲಿವೆಯೋ, ಎರಡನೆಯ ಪ್ರತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಸಹಾಯವಾಣಿಗೂ ಫೋನ್ ಮಾಡಿದೆ. ಆ ಹುಡುಗಿಯ ಹೆಸರನ್ನು ಅವತ್ತು ಅವಳು ಹೇಳಿದ್ದಳು, ಕೂಗಾಡುವ ಭರದಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ. ಈ ಸಲ ಒಬ್ಬ ಗಂಡಸು ಎತ್ತಿಕೊಂಡರು. ತಿಂಗಳ ಹಿಂದೆ ನನ್ನ ಕರೆ ತೆಗೆದುಕೊಂಡವರ ಹತ್ತಿರ ಮಾತಾಡಬಹುದೇ ಎಂದು ಕೇಳಿದೆ. ಹಾಗೆ ಹುಡುಕಿ ಕೊಡಲು ಬರುವುದಿಲ್ಲ, ದೂರು ಇದ್ದರೆ ಬರೆದುಕೊಳ್ಳುತ್ತೇನೆ ಅಂದರು.

"ದೂರಲ್ಲ," ಅಂದೆ.

"ಮತ್ತೆ, ನಿಮ್ಮ ಸಮಸ್ಯೆ ಏನು ಮ್ಯಾಡಮ್?"

ಅವತ್ತು ಆ ಹುಡುಗಿಯ ಮೇಲೆ ಕೂಗಾಡಿದ್ದಕ್ಕೆ ಕೇಳಬೇಕಾದ ಕ್ಷಮೆಯನ್ನು ಅವರಲ್ಲೇ ಕೇಳಿದೆ. ಅವರು, ಸರಿ, ಟಿಪ್ಪಣಿ ಹಾಕಿರುತ್ತೇನೆ ಅಂದರು. ಅದನ್ನು ಅವಳು ಓದಿದಳೋ, ಅಲ್ಲೇ ಕೆಲಸದಲ್ಲಿದ್ದಾಳೋ ತಿಳಿಯಲಿಲ್ಲ.